ನೂರು ಸಿ.ಸಿ.ಯ ಬೈಕಿಗೆ ನಾಚಿಕೆಯೇಕೆ?

ದುಡಿಯುವವರ ಮಕ್ಕಳಿಗೆ ಈಚೆಗೆ ಒಂದು ಹೊಸ ನಾಚಿಕೆಯನ್ನು ಕಲಿಸಲಾಗುತ್ತಿದೆ. ಅಪ್ಪನ ಬೈರಾಸಿಗೆ ನಾಚಿಕೆ, ಅಮ್ಮನ ಬೀಡಿಯ ತಡ್ಪೆಗೆ ನಾಚಿಕೆ ಎಂಬವು ಹಳೆಯ ಪಾಠಗಳು. ನೂರು ಸಿ.ಸಿ.ಯ ಮೋಟಾರು ಸೈಕಲಿನ ಮೇಲೆ ಕುಳಿತುಕೊಳ್ಳಲು ನಾಚಬೇಕು ಎಂಬುದು ಹೊಸ ಪಾಠ. ಇದನ್ನು ಹೇಳಿಕೊಡುವ ಮಾಸ್ತರರು ಟೆಲಿವಿಷನ್ನಿನಲ್ಲಿದ್ದಾರೆ, ಕೈಯಲ್ಲಿ ಹಿಡಿದ ಮೊಬೈಲಿನಲ್ಲಿದ್ದಾರೆ, ಬಿ.ಸಿ. ರೋಡಿನಿಂದ ಮಂಗಳೂರಿನ ತನಕ ಹೆದ್ದಾರಿಯ ಬದಿಯ ದೊಡ್ಡ ದೊಡ್ಡ ಹಲಗೆಗಳ ಮೇಲಿದ್ದಾರೆ. ಅವರಿಗೆ ಸಂಬಳ ಕೊಡುವವರು ಯಾರು? ನಾವೇ. ಬೈಕಿನ ಬೆಲೆಯೊಳಗೆ ಅದೂ ಸೇರಿದೆ.

ವಾಮದಪದವಿನ ಪೇಟೆಯಲ್ಲಿ ಯಾವ ದಿನ ಬೇಕಾದರೂ ಬೆಳಗ್ಗೆ ಅರ್ಧ ಗಂಟೆ ನಿಂತು ನೋಡಿರಿ. ಡೈರಿಗೆ ಹಾಲು ತರುವವನು, ರಬ್ಬರು ಟ್ಯಾಪಿಂಗ್ ಮುಗಿಸಿ ಬರುವವನು, ಗಾರೆಯ ಮೇಸ್ತ್ರಿ, ಹೆಂಡತಿಯನ್ನು ಗೇರುಬೀಜದ ಕಾರ್ಖಾನೆಗೆ ಬಿಟ್ಟು ತಾನು ಅಕ್ಕಿಯ ಮಿಲ್ಲಿಗೆ ಹೋಗುವವನು, ಅಂಗಡಿಗೆ ತರಕಾರಿಯ ಗೋಣಿ ಕಟ್ಟಿಕೊಂಡು ಬರುವ ಸಣ್ಣ ವ್ಯಾಪಾರಿ, ಇವರೆಲ್ಲರ ಕೆಳಗಿರುವುದು ಹೆಚ್ಚಾಗಿ ಅದೇ ಸಣ್ಣ ಬೈಕು. ಈ ಪದವಿನ ಅರ್ಧ ದುಡಿಮೆಯನ್ನು ಹೊರುತ್ತಿರುವುದು ಅದು. ಆದರೆ ಕಾಲೇಜಿನ ಗೇಟಿನ ಬಳಿ ಅದೇ ಬೈಕಿಗೆ ಬೇರೆ ಹೆಸರಿದೆ: "ಅದು ಮೀನಿನವರ ಬೈಕು ಮಾರಾಯ." ಈ ಮಾತನ್ನು ತಮಾಷೆಯೆಂದು ಬಿಡುವಂತಿಲ್ಲ. ಒಂದು ಕಾಲಕ್ಕೆ ಎಂ80ಯ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿ ಊರೂರಿಗೆ ಬರುತ್ತಿದ್ದವನನ್ನು ನೋಡಿ ಮೂಗು ಮುಚ್ಚಿದ ಅದೇ ಮನಸ್ಸು ಈಗ ಬೈಕಿನ ಹೆಸರಿನಲ್ಲಿ ಮಾತಾಡುತ್ತಿದೆ. ದುಡಿಯುವವನು ಮುಟ್ಟಿದ್ದು ಕೀಳು, ದುಡಿಯದವನು ಏರಿದ್ದು ಮೇಲು! ಜಾತಿಯ ಹಳೆಯ ವಿಷಕ್ಕೆ ಪೆಟ್ರೋಲು ಹಾಕಿದಂತಾಯಿತು. ಇದನ್ನು ಬಾಯಲ್ಲಿ ಹೇಳುವ ಹುಡುಗನೇ ಮೀನಿನವನ ಮಗನೋ, ಮೇಸ್ತ್ರಿಯ ಮಗನೋ ಆಗಿರುತ್ತಾನೆ ಎಂಬುದೇ ದುಃಖದ ಸಂಗತಿ.

ದುಡಿಯುವವನ ಕೈಗೆ ಮೋಟಾರು ಬಂದದ್ದು ಹೇಗೆಂಬುದನ್ನು ಈ ಹುಡುಗರಿಗೆ ಯಾರೂ ಹೇಳಿಲ್ಲ. ಪರ್ಮಿಟ್ಟಿನ ಕಾಲದಲ್ಲಿ ಒಂದು ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಬುಲ್ಲೆಟ್ಟಿನ ಸದ್ದು ಕೇಳಿದರೆ ಧಣಿಗಳು ಬಂದರೆಂದು ಗದ್ದೆಯಲ್ಲಿದ್ದವರು ತಲೆಯ ಮುಟ್ಟಾಳೆ ತೆಗೆಯುತ್ತಿದ್ದರು. 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಮಾರುಕಟ್ಟೆಗೆ ಬಂತು. 1994ರಲ್ಲಿ ಸ್ಪ್ಲೆಂಡರ್ ಬಂತು. ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನು, ಎಣ್ಣೆ ಬೆರೆಸುವ ರಗಳೆಯಿಲ್ಲ, ಲೀಟರಿಗೆ ಹಿಂದಿನ ಬೈಕುಗಳು ಕನಸಿನಲ್ಲೂ ಕೊಡದ ಮೈಲೇಜು. ಕಂಪೆನಿಗಳು ಬಡವರ ಮೇಲಿನ ಪ್ರೀತಿಯಿಂದ ಇದನ್ನು ಮಾಡಲಿಲ್ಲ, ಲಾಭಕ್ಕಾಗಿಯೇ ಮಾಡಿದವು. ಆದರೂ ಮೋಟಾರು ವಾಹನವೆಂಬುದು ಧಣಿಗಳ ಚಾವಡಿಯಿಂದ ಇಳಿದು ಒಕ್ಕಲಿನ ಅಂಗಳಕ್ಕೆ ಬಂದದ್ದು ಈ ಸಣ್ಣ ಬೈಕಿನಿಂದ. ಅದನ್ನು ಹೀಯಾಳಿಸುವುದು ನಮ್ಮ ಕೆಲಸವಲ್ಲ.

ಇನ್ನೊಂದು ಸಂಗತಿ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಿಂದ ಬೈಕುಗಳನ್ನು ಕಟ್ಟಿತು. 1996ರಲ್ಲಿ ಅದರ ಬಾಗಿಲು ಬಿತ್ತು. ಕೈಯಲ್ಲಿ ಕಸುಬಿದ್ದ ಕಾರ್ಮಿಕರು ಬೀದಿಗೆ ಬಂದರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಎರಡೂ ಹೆಸರುಗಳನ್ನು ಹೊಸ ಬಂಡವಾಳ ಮರಳಿ ತಂದಿತು. ಕಟ್ಟುವುದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸು ಬಂತು, ಮೈಸೂರಿನ ಕೆಲಸ ವಾಪಸು ಬರಲಿಲ್ಲ. "ಹಳೆಯ ಕಾಲದ ಗತ್ತು" ಎಂದು ಲಕ್ಷ ಲಕ್ಷಕ್ಕೆ ಮಾರುವ ಬೈಕುಗಳನ್ನು ಕಂಡು ಮರುಳಾಗುವ ಮುನ್ನ, ಆ ಗತ್ತನ್ನು ಕೈಯಾರೆ ಕಟ್ಟಿದವರಿಗೆ ಏನು ಸಿಕ್ಕಿತೆಂದು ಒಮ್ಮೆ ಕೇಳಬೇಕು.

ಇರಲಿ, ಲೆಕ್ಕಕ್ಕೆ ಬರೋಣ. 1963ರಲ್ಲಿ ಡಾಕ್ಟರ್ ಲೋಹಿಯಾ ಅವರು ಲೋಕಸಭೆಯಲ್ಲಿ ಮೂರಾಣೆಯ ಲೆಕ್ಕವನ್ನು ಮುಂದಿಟ್ಟಾಗ ದೊಡ್ಡ ದೊಡ್ಡವರು ತಬ್ಬಿಬ್ಬಾದರು. ಷೋರೂಮಿನವರೂ ಲೆಕ್ಕ ಕೇಳುವ ಗಿರಾಕಿಯನ್ನು ಕಂಡರೆ ತಬ್ಬಿಬ್ಬಾಗುತ್ತಾರೆ. ಪ್ರಯೋಗ ಮಾಡಿ ನೋಡಬಹುದು.

ಒಂದು ಬೈಕಿನ ಷೋರೂಮು ಬೆಲೆ 70,000 ರೂಪಾಯಿ, ಇನ್ನೊಂದರದು 1,20,000 ಎಂದಿಟ್ಟುಕೊಳ್ಳಿ. ಗಿರಾಕಿಯ ಕಣ್ಣಿಗೆ ಕಾಣುವ ಅಂತರ ಐವತ್ತು ಸಾವಿರ. ಕಾಣದ ಅಂತರ ಬೇರೆಯಿದೆ. ಕರ್ನಾಟಕದಲ್ಲಿ ಬೈಕಿನ ಆಜೀವ ತೆರಿಗೆ 50,000 ರೂಪಾಯಿಯಿಂದ ಒಂದು ಲಕ್ಷದವರೆಗಿನ ಬೆಲೆಗೆ ಶೇಕಡಾ 12. ಲಕ್ಷ ದಾಟಿತೋ, ಶೇಕಡಾ 18. ಮೊದಲನೆಯದಕ್ಕೆ 8,400 ರೂಪಾಯಿ, ಎರಡನೆಯದಕ್ಕೆ 21,600. ಸೆಸ್ಸು ಇವೆರಡರ ಮೇಲೂ ಪ್ರತ್ಯೇಕ. ಇನ್ನು ವಿಮೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. 2022ರ ಜೂನಿನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150 ಸಿ.ಸಿ.ವರೆಗಿನ ಬೈಕಿಗೆ ಐದು ವರ್ಷಕ್ಕೆ 3,851 ರೂಪಾಯಿ. 150 ದಾಟಿ 350ರವರೆಗೆ 7,365. ತೆರಿಗೆ ಬಿಟ್ಟು ಈ ಲೆಕ್ಕ. ಸಿ.ಸಿ. ಒಂದು ಗೆರೆ ದಾಟಿದರೆ ವಿಮೆ ಹೆಚ್ಚುಕಡಿಮೆ ಇಮ್ಮಡಿ.

ಪೆಟ್ರೋಲು ದಿನದಿನದ ಮಾತು. ಕೆಲಸಕ್ಕೆ ಹೋಗಿಬರಲು ದಿನಕ್ಕೆ 40 ಕಿಲೋಮೀಟರಿನಂತೆ ತಿಂಗಳಿಗೆ 26 ದಿನ ಓಡಿದರೆ 1,040 ಕಿಲೋಮೀಟರು. ನಮ್ಮ ಚಡಾವಿನ ದಾರಿಯಲ್ಲಿ ಸಣ್ಣ ಬೈಕು ಲೀಟರಿಗೆ 60 ಕೊಟ್ಟು, ದೊಡ್ಡದು 40 ಕೊಟ್ಟರೆ, ಲೀಟರಿಗೆ ಬರೀ ನೂರು ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 867 ರೂಪಾಯಿಯ ವ್ಯತ್ಯಾಸ. ವರ್ಷಕ್ಕೆ ಹತ್ತು ಸಾವಿರದ ಮೇಲಾಯಿತು. ಆ ಹತ್ತು ಸಾವಿರ ಯಾವ ಗತ್ತಿಗೆ ಹೋಯಿತೆಂದು ಮನೆಯ ಅಕ್ಕಿಯ ಡಬ್ಬಿಯನ್ನು ಕೇಳಬೇಕು.

ಆದರೆ ತೆರಿಗೆ, ವಿಮೆ, ಪೆಟ್ರೋಲು ಎಲ್ಲವನ್ನೂ ಮೀರಿಸಿದ ಕಳ್ಳ ಬೇರೊಬ್ಬನಿದ್ದಾನೆ. ಅವನ ಹೆಸರು "ಫ್ಲ್ಯಾಟ್" ಬಡ್ಡಿ. "ಶೇಕಡಾ ಹನ್ನೊಂದು ಮಾತ್ರ ಸಾರ್" ಎಂದು ಕುರ್ಚಿ ಎಳೆದು ಕೂರಿಸಿ, ತಂಪು ಪಾನೀಯ ಕೊಟ್ಟು ಹೇಳುತ್ತಾರೆ. 70,000 ರೂಪಾಯಿ ಸಾಲ, ಮೂರು ವರ್ಷ. ಫ್ಲ್ಯಾಟ್ ಲೆಕ್ಕದಲ್ಲಿ ವರ್ಷಕ್ಕೆ 7,700ರಂತೆ ಬಡ್ಡಿ 23,100 ರೂಪಾಯಿ. ತಿಂಗಳ ಕಂತು ಸುಮಾರು 2,586. ಇದರಲ್ಲಿ ಮೋಸವೆಲ್ಲಿ? ಕಂತು ಕಟ್ಟುತ್ತಾ ಹೋದಂತೆ ಅಸಲು ಇಳಿಯುತ್ತದೆ, ಬಡ್ಡಿ ಮಾತ್ರ ಇಳಿಯುವುದಿಲ್ಲ. ಮೂರನೆಯ ವರ್ಷದ ಕೊನೆಯ ತಿಂಗಳಲ್ಲಿ ನಿಮ್ಮ ಮೇಲೆ ಎರಡೂವರೆ ಸಾವಿರ ಬಾಕಿಯಿದ್ದರೂ ಎಪ್ಪತ್ತು ಸಾವಿರಕ್ಕೇ ಬಡ್ಡಿ ಕಟ್ಟುತ್ತಿರುತ್ತೀರಿ. ಬಾಕಿ ಇರುವ ಅಸಲಿಗೆ ಮಾತ್ರ ಬಡ್ಡಿ ಹಾಕುವ ನ್ಯಾಯದ ಲೆಕ್ಕದಲ್ಲಿ ಅದೇ ಹನ್ನೊಂದಕ್ಕೆ ಕಂತು ಸುಮಾರು 2,292, ಒಟ್ಟು ಬಡ್ಡಿ 12,500ರ ಆಸುಪಾಸು. ಎಂದರೆ ಅವರು ಹೇಳಿದ ಹನ್ನೊಂದು ನಿಜದಲ್ಲಿ ಶೇಕಡಾ ಹತ್ತೊಂಬತ್ತಕ್ಕೂ ಮೇಲೆ. ಶಾಲೆಯಲ್ಲಿ ಏಳನೆಯ ತರಗತಿಗೆ ಸರಳ ಬಡ್ಡಿಯ ಲೆಕ್ಕವನ್ನು ವರ್ಷ ವರ್ಷ ಕಲಿಸುತ್ತೇವೆ. ಆ ಲೆಕ್ಕ ಯಾರ ಕುತ್ತಿಗೆಗೆ ಬೀಳುತ್ತದೆಂದು ಪಠ್ಯಪುಸ್ತಕದಲ್ಲಿ ಬರೆದಿಲ್ಲ.

ಈ ಎರಡು ಲೆಕ್ಕಗಳ ನಡುವಿನ ಅಂತರ 10,600 ರೂಪಾಯಿ. ಇದನ್ನು ನಮ್ಮ ಊರಿನ ಅಳತೆಯಲ್ಲಿ ಹೇಳುತ್ತೇನೆ. ಸಾವಿರ ಬೀಡಿಗೆ ಮುನ್ನೂರು ರೂಪಾಯಿ ಸಿಗುತ್ತದೆಂದೇ ಹಿಡಿಯಿರಿ. ಮೂವತ್ತೈದು ಸಾವಿರ ಬೀಡಿ! ತಾಯಿಯೊಬ್ಬಳು ಜಗಲಿಯಲ್ಲಿ ಬೆನ್ನು ಬಗ್ಗಿಸಿ ಕೂತು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಧೂಳು ಕುಡಿದು ಸುತ್ತಿದ ಮೂವತ್ತೈದು ಸಾವಿರ ಬೀಡಿ ಬೈಕಿಗೂ ಹೋಗಲಿಲ್ಲ, ಪೆಟ್ರೋಲಿಗೂ ಹೋಗಲಿಲ್ಲ. ಒಂದು ಶಬ್ದದ ಆಟಕ್ಕೆ ಹೋಯಿತು. ಇದು ಸಣ್ಣ ಬೈಕಿನ ಸಾಲ. ಲಕ್ಷದ ಬೈಕಿನ ಸಾಲಕ್ಕೆ ಬೀಡಿಯನ್ನು ನೀವೇ ಎಣಿಸಿಕೊಳ್ಳಿ.

ಇದಕ್ಕೆ ಕಾನೂನಿನಲ್ಲಿ ಒಂದು ಹಿಡಿತವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. 2024ರ ಅಕ್ಟೋಬರ್ 1ರಿಂದ, ಬ್ಯಾಂಕಾಗಲಿ ಫೈನಾನ್ಸ್ ಕಂಪೆನಿಯಾಗಲಿ ಇಂಥ ಸಾಲ ಕೊಡುವಾಗ ಮುಖ್ಯಾಂಶಗಳ ಒಂದು ಪತ್ರವನ್ನು ಸಾಲಗಾರನ ಕೈಗೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು ಕಟ್ಟಪ್ಪಣೆ ಮಾಡಿದೆ. ಎಲ್ಲ ಶುಲ್ಕಗಳೂ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಪತ್ರ ಕೊಟ್ಟ ಮೇಲೆ ಒಪ್ಪಿಕೊಳ್ಳಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವಿರಬೇಕು. ಆದ್ದರಿಂದ "ಇವತ್ತೇ ಸಹಿ ಹಾಕಿ, ಆಫರ್ ನಾಳೆ ಇಲ್ಲ" ಎನ್ನುವವರ ಮುಂದೆ ಗಾಬರಿಯಾಗಬೇಡಿ. ಕನ್ನಡದಲ್ಲಿ ಪತ್ರ ಕೊಡಿ ಎನ್ನಿರಿ. ಮನೆಗೆ ತಂದು ಓದಿರಿ, ಓದಲು ಬರುವವರಿಂದ ಓದಿಸಿರಿ.

ಸಾಲವನ್ನೇ ಅರ್ಧ ಮಾಡುವ ದಾರಿಯೂ ನಮ್ಮ ನೆಲದಲ್ಲೇ ಹುಟ್ಟಿದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಪಿಗ್ಮಿಯ ಪದ್ಧತಿ ನಮ್ಮ ಸಹಕಾರಿ ಸಂಘಗಳಲ್ಲಿ ಉಳಿದಿದೆ. ದಿನಕ್ಕೆ ನೂರು ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 36,500. ಅಂಗಡಿಯವರಿಗೆ ಇದು ಹೊಸದಲ್ಲ, ಕೂಲಿಯವರಿಗೆ ಕಷ್ಟ, ಒಪ್ಪುತ್ತೇನೆ. ಆದರೆ ಕಂತಿನ 2,586 ಕೊಡಬಲ್ಲವನು ತಿಂಗಳಿಗೆ ಮೂರು ಸಾವಿರ ಉಳಿಸಲಾರನೆಂದು ಹೇಳುವುದು ಹೇಗೆ? ಒಂದು ವರ್ಷ ತಡವಾಗಿ ಬೈಕು ಬಂದರೆ ಸಾಲ ಅರ್ಧಕ್ಕಿಳಿಯುತ್ತದೆ. ಉಳಿದ ಸಾಲಕ್ಕೂ ಷೋರೂಮಿನ ಮೇಜಿಗಿಂತ ಮೊದಲು ನೀವು ಸದಸ್ಯರಾಗಿರುವ ಸಂಘದ ಬಾಗಿಲು ತಟ್ಟಿರಿ. ಮೊಳಹಳ್ಳಿ ಶಿವರಾಯರು ಸಹಕಾರವನ್ನು ಕಟ್ಟಿದ ಜಿಲ್ಲೆಯಲ್ಲಿ ನಾವು ಫೈನಾನ್ಸ್ ಏಜೆಂಟನ ಹಿಂದೆ ಓಡುವುದೆಂದರೆ ಮನೆಯಲ್ಲಿ ಬಾವಿಯಿಟ್ಟುಕೊಂಡು ಟ್ಯಾಂಕರಿಗೆ ಕಾದಂತೆ.

ಬಿಲ್ಲಿನ ಮೇಲೆ ಕಣ್ಣಿಡಿ. ಹ್ಯಾಂಡ್ಲಿಂಗ್ ಚಾರ್ಜು ಎಂಬೊಂದು ಸಾಲು ಬರುತ್ತದೆ. ಯಾವ ನಿಯಮದಂತೆ ಎಂದು ಕೇಳಿದರೆ ಉತ್ತರವಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 138ನೆಯ ನಿಯಮದಂತೆ ಬೈಕಿನ ಜೊತೆಗೆ ಹೆಲ್ಮೆಟ್ಟನ್ನು ತಯಾರಕನೇ ಕೊಡಬೇಕು. 123ನೆಯ ನಿಯಮದಂತೆ ಹಿಂದೆ ಕೂತವರಿಗೆ ಕೈಹಿಡಿ, ಕಾಲಿಡುವ ಮೆಟ್ಟು, ಸೀರೆ ಸಿಕ್ಕದಂತೆ ಚಕ್ರಕ್ಕೆ ಮರೆ, ಇವು ಬೈಕಿನಲ್ಲೇ ಇರಬೇಕಾದವು. ಇವನ್ನೇ "ಆಕ್ಸೆಸರಿ" ಎಂದು ಮಾರಿದರೆ ಸುಮ್ಮನಿರಬೇಡಿ. ವಿಮೆಯನ್ನು ಅವರು ಹೇಳಿದ ಕಂಪೆನಿಯಲ್ಲೇ ಮಾಡಿಸಬೇಕೆಂಬ ಕಟ್ಟಳೆಯೂ ಇಲ್ಲ. ಏನೇ ಕೊಟ್ಟರೂ ರಶೀದಿ ಕೇಳಿರಿ. ರಶೀದಿ ಎಂದೊಡನೆ ಕೆಲವು ಸಾಲುಗಳು ತಾವಾಗಿಯೇ ಮಾಯವಾಗುತ್ತವೆ.

ಇನ್ನು ಬೈಕು ಯಾವುದು? ಕಂಪೆನಿಯ ಹೆಸರು ಹೇಳಿ ಅವರ ದಲಾಲಿ ಮಾಡುವ ಇಚ್ಛೆಯಿಲ್ಲ. ಆದರೆ ನಮ್ಮ ದಾರಿ ನಮಗೆ ಗೊತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ, ಮುರಕಲ್ಲಿನ ಗುಡ್ಡೆ ಕಡಿದ ಏರು, ಡಾಮರು ಮುಗಿದ ಮೇಲೆ ಮನೆಯ ತನಕ ಕೆಂಪು ಕೆಸರು. ಇಲ್ಲಿ ಮೊದಲು ನೋಡಬೇಕಾದ್ದು ಚೈನಿನ ಕವರು. ಪೂರ್ತಿ ಮುಚ್ಚಿದ ಕವರಿದ್ದರೆ ಕೆಸರಿನಿಂದ ಚೈನು ಉಳಿಯುತ್ತದೆ, ಲುಂಗಿಯ ತುದಿಯೂ ಸೀರೆಯ ಸೆರಗೂ ಉಳಿಯುತ್ತವೆ. ಗತ್ತಿನ ಬೈಕುಗಳಲ್ಲಿ ಚೈನು ಬತ್ತಲೆ. ಎರಡನೆಯದು ಕಿಕ್ಕರು. ಮಳೆಗಾಲದ ಬೆಳಗ್ಗೆ ಬ್ಯಾಟರಿ ಕೈಕೊಟ್ಟರೆ ಏಳು ಗಂಟೆಯ ಪಾಳಿಗೆ ನಿಮ್ಮನ್ನು ಮುಟ್ಟಿಸುವುದು ಕಾಲು ಮಾತ್ರ. ಸೀಟು ಉದ್ದವಾಗಿ ಚಪ್ಪಟೆಯಾಗಿರಲಿ. ಹಿಂದೆ ಏಣಿಯ ಹಾಗೆ ಏರಿದ ಸೀಟಿನಲ್ಲಿ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಾಗದು, ಅಕ್ಕಿಯ ಚೀಲವನ್ನೂ ಕಟ್ಟಲಾಗದು. ಎರಡೂ ಕಾಲು ನೆಲಕ್ಕೆ ಸರಿಯಾಗಿ ಮುಟ್ಟಬೇಕು, ಹೊಸಬರಿಗಂತೂ ಇದು ಮುಖ್ಯ. ಮೊದಲ ಬೈಕೆಂದರೆ ಎಡವಿ ಕಲಿಯುವ ಬೈಕು. ನೂರಾಹತ್ತು ಕಿಲೋದ ಬೈಕು ಕೆಸರಿನಲ್ಲಿ ವಾಲಿದರೆ ಒಬ್ಬನೇ ಎತ್ತಿ ನಿಲ್ಲಿಸಬಹುದು. ನೂರೈವತ್ತು ಕಿಲೋ ವಾಲಿದರೆ ಎತ್ತಲು ಇನ್ನೊಬ್ಬರನ್ನು ಕರೆಯಬೇಕು.

ನೂರೋ, ನೂರಿಪ್ಪತ್ತೈದೋ ಎಂದು ಹಲವರು ಕೇಳುತ್ತಾರೆ. ಒಬ್ಬನೇ ಓಡಾಡುವವನಿಗೆ ನೂರು ಧಾರಾಳ ಸಾಕು. ದಿನವೂ ಇಬ್ಬರು ಕೂತು, ಜೊತೆಗೆ ಹೊರೆಯನ್ನೂ ಕಟ್ಟಿ ಚಡಾವು ಹತ್ತುವವರಿಗೆ ನೂರಿಪ್ಪತ್ತೈದು ನ್ಯಾಯವೇ. ನೂರರದ್ದು ಎಂಟು ಅಶ್ವಶಕ್ತಿಯ ಹತ್ತಿರ, ಅದರದ್ದು ಹತ್ತರ ಮೇಲೆ, ಏರಿನಲ್ಲಿ ಅಷ್ಟು ವ್ಯತ್ಯಾಸ ತಿಳಿಯುತ್ತದೆ. ಹೆಂಡತಿಯೋ ಮಗಳೋ ಓಡಿಸುವವರಿದ್ದರೆ ಗೇರಿಲ್ಲದ ಸ್ಕೂಟರನ್ನು ಯೋಚಿಸಿರಿ, ವಾಹನ ಮಗನದ್ದಲ್ಲ, ಮನೆಯದ್ದು. ಬ್ರೇಕಿನ ವಿಷಯ: 2019ರ ಏಪ್ರಿಲಿನಿಂದ 125 ಸಿ.ಸಿ.ವರೆಗಿನ ಹೊಸ ಬೈಕುಗಳಲ್ಲಿ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರ ಹಿಡಿಯುವ ಏರ್ಪಾಡು ಕಡ್ಡಾಯವಾಯಿತು. ಅದಿದೆಯೆಂದು ನೆನೆದ ಇಳಿಜಾರಿನಲ್ಲಿ ಹಾರಿಸಬೇಡಿ. ಹೆಲ್ಮೆಟ್ಟಿನ ಮೇಲೆ ಐ.ಎಸ್.ಐ. ಗುರುತು ಇರಬೇಕು, ಅದಿಲ್ಲದ್ದನ್ನು ಮಾರುವುದನ್ನೇ 2021ರ ಜೂನ್ 1ರಿಂದ ನಿಷೇಧಿಸಲಾಗಿದೆ. ರಸ್ತೆಬದಿಯ ಟೊಪ್ಪಿ ಪೊಲೀಸರಿಂದ ಕಾಪಾಡೀತು, ಮೋರಿಯ ಕಲ್ಲಿನಿಂದ ಕಾಪಾಡದು.

ಹಳೆಯ ಬೈಕು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ, ಪರಂತು ಕಾಗದ ನೋಡಿ ಕೊಳ್ಳಬೇಕು. ಆರ್.ಸಿ.ಯಲ್ಲಿ ಸಾಲದ ಕಂಪೆನಿಯ ಹೆಸರಿದ್ದರೆ ಸಾಲ ತೀರಿದ ಪತ್ರವೂ 35ನೆಯ ನಮೂನೆಯೂ ಬೇಕು. ಹೆಸರು ಬದಲಿಸಲು 29 ಮತ್ತು 30ನೆಯ ನಮೂನೆಗಳು. "ಆಮೇಲೆ ಮಾಡುವ" ಎಂದರೆ ಒಪ್ಪಬೇಡಿ. ಹೆಸರು ಬದಲಾಗದ ಬೈಕು ನಾಳೆ ಯಾರನ್ನೋ ಗುದ್ದಿದರೆ ಕೋರ್ಟಿಗೆ ಅಲೆಯುವವರು ಮಾರಿದವರೂ ಹೌದು, ಕೊಂಡವರೂ ಹೌದು. 2023ರ ಏಪ್ರಿಲಿಗಿಂತ ಹಿಂದಿನ ಬೈಕುಗಳನ್ನು ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆಂದು ಕಟ್ಟಿರಲಿಲ್ಲ. 2025ರಿಂದ ಪಂಪಿನಲ್ಲಿ ಬರುವುದು ಅದೇ. ಪೈಪು, ರಬ್ಬರು ನೋಡಿಸಿಕೊಳ್ಳಿರಿ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ಬಂದ ಮೇಲಿನ ಬೈಕುಗಳಲ್ಲಿ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂತು. ಹೊಗೆ ಕಮ್ಮಿಯಾಯಿತು, ಒಳ್ಳೆಯದು. ಆದರೆ ಪೇಟೆಯ ಮೆಕ್ಯಾನಿಕ್ ತರುಣನ ಸ್ಪ್ಯಾನರಿಗೆ ಅರ್ಧ ಕೆಲಸ ಹೋಯಿತು, ತಪ್ಪು ಹುಡುಕಲು ಕಂಪೆನಿಯ ಯಂತ್ರವೇ ಬೇಕಾಯಿತು. ಇಂಥ ಯಂತ್ರವನ್ನೂ ಮಾಹಿತಿಯನ್ನೂ ಊರಿನ ಮೆಕ್ಯಾನಿಕ್ಕರಿಗೆ ಕೊಡಲೇಬೇಕೆಂದು ಕೇಳುವುದು ಕಾರ್ಮಿಕರ ಬೇಡಿಕೆಯೇ. ಕೊಳ್ಳುವ ಮುಂಚೆ ನಮ್ಮ ಮೆಕ್ಯಾನಿಕ್ಕನನ್ನು ಒಂದು ಮಾತು ಕೇಳಿರಿ: ಯಾವುದರ ಬಿಡಿಭಾಗ ಬಂಟ್ವಾಳದಲ್ಲೇ ಸಿಗುತ್ತದೆ? ಅವನ ಉತ್ತರ ನೂರು ಜಾಹೀರಾತಿಗೆ ಸಮ.

ಸರಕಾರಕ್ಕೂ ಒಂದು ಮಾತು. 2017ರ ಜುಲೈಯಿಂದ 2025ರ ಸೆಪ್ಟೆಂಬರ್ 22ರವರೆಗೆ ಈ ಸಣ್ಣ ಬೈಕಿಗೆ ಶೇಕಡಾ 28ರ ಜಿ.ಎಸ್.ಟಿ. ಹಾಕಿದ್ದರು. ಕೂಲಿಗೆ ಹೋಗುವವನ ಬೈಕೂ ಸಾಹುಕಾರರ ಕಾರೂ ಎಂಟು ವರ್ಷ ಒಂದೇ ಪಟ್ಟಿಯಲ್ಲಿ! ಈಗ ಶೇಕಡಾ 18ಕ್ಕೆ ಇಳಿಸಿ ದೊಡ್ಡ ಉಪಕಾರವೆಂದು ಡಂಗುರ ಸಾರಿದರು. ಆ ಇಳಿಕೆಯಲ್ಲೂ ನೂರು ಸಿ.ಸಿ.ಗೂ ಮುನ್ನೂರೈವತ್ತು ಸಿ.ಸಿ.ಗೂ ಒಂದೇ ದರ. ದುಡಿಮೆಯ ಸಾಧನಕ್ಕೂ ಷೋಕಿಗೂ ವ್ಯತ್ಯಾಸ ಕಾಣದ ಸರಕಾರ ಯಾರ ಸರಕಾರ?

ನಮ್ಮಲ್ಲೇ ಕೆಲವು ಗೆಳೆಯರು, "ಬಸ್ಸು ಕೇಳುವ ಪಕ್ಷ ಬೈಕಿನ ಮಾತು ಆಡುವುದೇ?" ಎನ್ನುತ್ತಾರೆ. ಆಡುವುದು ಸರಿ. ರಾತ್ರಿ ಪಾಳಿ ಮುಗಿಸಿದವನಿಗೆ ಬಸ್ಸಿಲ್ಲದಿರುವಾಗ ತತ್ತ್ವ ಹೇಳಿದರೆ ಅವನು ಮನೆ ಮುಟ್ಟುವುದಿಲ್ಲ. ಆದರೆ ಬೈಕು ಬಂತೆಂದು ಬಸ್ಸಿನ ಹಕ್ಕನ್ನು ಬಿಟ್ಟುಕೊಡುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. ಸರಕಾರಿ ಬಸ್ಸೇ ಬಾರದ ದಾರಿಯ ಬೀಡಿ ಕೆಲಸದ ತಾಯಿಗೆ ಆ ಶಕ್ತಿ ಯೋಜನೆಯಿಂದ ಬಂದದ್ದು ಯಾವ ಶಕ್ತಿ? ಅವಳು ಟಿಕೇಟಿಗೂ ಕೊಡುತ್ತಾಳೆ, ಮಗನ ಬೈಕಿನ ಕಂತಿಗೂ ಕೊಡುತ್ತಾಳೆ. ಬಸ್ಸಿನ ಧಣಿಗೆ ಲಾಭ, ಬೈಕಿನ ಧಣಿಗೆ ಲಾಭ, ಸಾಲದ ಧಣಿಗೂ ಲಾಭ.

ಬಸ್ಸಿಗೆ ಪರ್ಮಿಟ್ಟು ಕೊಡುವುದು ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪರ್ಮಿಟ್ಟಿನಲ್ಲಿ ಬರೆದ ಟ್ರಿಪ್ಪನ್ನು ಓಡಿಸದಿದ್ದರೆ ಅಲ್ಲಿ ದೂರು ಕೊಡಬಹುದು. ವಾಮದಪದವು, ಸಿದ್ಧಕಟ್ಟೆ, ಪುಂಜಾಲಕಟ್ಟೆಯ ಕಡೆಯ ಓದುಗರು ಸಂಜೆಯ ಮೇಲೆ ಯಾವ ಯಾವ ಟ್ರಿಪ್ಪು ತಪ್ಪುತ್ತಿದೆಯೆಂದು ಈ ಪತ್ರಿಕೆಗೆ ಬರೆದು ಕಳುಹಿಸಿರಿ. ಬಸ್ಸಿನ ಹೆಸರು, ಹೊತ್ತು, ತಪ್ಪಿದ ತಾರೀಕು ಮೂರೂ ಇರಲಿ. ಹೊತ್ತು ತಾರೀಕು ಇಲ್ಲದ ದೂರನ್ನು ಕಸದ ಬುಟ್ಟಿಗೆ ಹಾಕುವುದು ಕಚೇರಿಯವರಿಗೆ ಸುಲಭ. ಜೊತೆಗೆ ಬೈಕಿನ ಸಾಲದ ಪತ್ರವನ್ನು ಕನ್ನಡದಲ್ಲಿ ಕೊಡಲು ಯಾರಾದರೂ ನಿರಾಕರಿಸಿದ್ದರೆ ಅದನ್ನೂ ಬರೆಯಿರಿ.